ಮೂರೇ ಕ್ಲಬ್ಬುಗಳ ಲೀಗ್: ಪೋರ್ಚುಗಲ್ ಫುಟ್‌ಬಾಲ್‌ನ ಟಿವಿ ಹಣ ಯಾರಿಗೆ ಸೇರಬೇಕು?

ಪೋರ್ಚುಗಲ್‌ನ ಮೊದಲ ದರ್ಜೆಯ ಫುಟ್‌ಬಾಲ್ ಲೀಗ್ ಶುರುವಾಗಿದ್ದು 1934-35ರಲ್ಲಿ. 2024-25ರ ಹೊತ್ತಿಗೆ 91 ಸೀಸನ್ ಮುಗಿದಿದ್ದವು. ಇಷ್ಟು ವರ್ಷಗಳಲ್ಲಿ ಲೀಗ್ ಗೆದ್ದ ಕ್ಲಬ್ಬುಗಳು ಬರೀ ಐದು. ರಾಜಧಾನಿ ಲಿಸ್ಬನ್ನಿನ ಬೆನ್ಫಿಕಾ 38 ಸಲ, ಉತ್ತರದ ಪೋರ್ಟೊ ನಗರದ ಎಫ್‌ಸಿ ಪೋರ್ಟೊ 30 ಸಲ, ಲಿಸ್ಬನ್ನಿನದೇ ಸ್ಪೋರ್ಟಿಂಗ್ 21 ಸಲ. ಇವರು ಬಿಟ್ಟ ಪ್ರಶಸ್ತಿ ಎರಡೇ. ಒಂದನ್ನು 1945-46ರಲ್ಲಿ ಬೆಲೆನೆನ್ಸೆಸ್ ಗೆದ್ದಿತು, ಇನ್ನೊಂದನ್ನು 2000-01ರಲ್ಲಿ ಬೋವಿಸ್ಟಾ.

ಆ ಎರಡು ಕ್ಲಬ್ಬುಗಳ ಗತಿ ಏನಾಯಿತು ಅಂತ ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಬೆಲೆನೆನ್ಸೆಸ್ 2018ರಲ್ಲಿ ಎರಡು ಹೋಳಾಯಿತು. ಅಸಲಿ ಕ್ಲಬ್ಬು ಲಿಸ್ಬನ್ ಜಿಲ್ಲೆಯ ತಳದ ದರ್ಜೆಯಿಂದ ಮತ್ತೆ ಆಟ ಶುರು ಮಾಡಬೇಕಾಯಿತು. ಬೋವಿಸ್ಟಾ 2024-25ರಲ್ಲಿ ಕೊನೆಯ ಸ್ಥಾನಕ್ಕೆ ಬಿತ್ತು. ಆಮೇಲೆ ವೃತ್ತಿಪರ ಲೀಗಿನಲ್ಲಿ ಆಡಲು ಬೇಕಾದ ಲೈಸೆನ್ಸ್ ಕೂಡ ಸಿಗದೆ ಜಿಲ್ಲಾ ಮಟ್ಟಕ್ಕೆ ಇಳಿಯಿತು. ಲೀಗ್ ಗೆದ್ದ ಐದರಲ್ಲಿ ಮೂರು ಕ್ಲಬ್ಬುಗಳು ಒಂದೇ ಒಂದು ಸೀಸನ್ ಕೂಡ ಮೊದಲ ದರ್ಜೆಯಿಂದ ಕೆಳಗಿಳಿದಿಲ್ಲ. ಉಳಿದೆರಡು ಉಸಿರು ಹಿಡಿದುಕೊಳ್ಳಲು ಒದ್ದಾಡುತ್ತಿವೆ.

ಪೋರ್ಚುಗಲ್ ಫುಟ್‌ಬಾಲ್ ಈಗ ಒಂದು ದೊಡ್ಡ ನಿರ್ಧಾರದ ಮುಂದೆ ನಿಂತಿದೆ. ಪಂದ್ಯಗಳ ಟಿವಿ ಪ್ರಸಾರ ಹಕ್ಕನ್ನು ಅಲ್ಲಿ ಒಂದೊಂದು ಕ್ಲಬ್ಬೂ ತನ್ನಷ್ಟಕ್ಕೆ ತಾನೇ ಮಾರಿಕೊಳ್ಳುತ್ತಾ ಬಂದಿದೆ. ಇನ್ನು ಮುಂದೆ ಎಲ್ಲರ ಹಕ್ಕನ್ನೂ ಒಟ್ಟಿಗೆ ಸೇರಿಸಿ ಲೀಗೇ ಮಾರಬೇಕು, ಬಂದ ಹಣವನ್ನು ಹಂಚಬೇಕು ಅಂತ 2021ರ ಮಾರ್ಚ್‌ನಲ್ಲಿ ಸರ್ಕಾರ ಕಾನೂನು ತಂದಿತು. ತಡ ಅಂದರೂ 2028-29ರ ಸೀಸನ್‌ಗೆ ಇದು ಜಾರಿಗೆ ಬರಬೇಕು. ಹಣ ಹಂಚುವ ಲೆಕ್ಕದ ಜಗಳ ಅಂತ ಮೇಲ್ನೋಟಕ್ಕೆ ಕಾಣುತ್ತದೆ. ಆದರೆ ಇದು 90 ವರ್ಷದ ಚರಿತ್ರೆಯ ಜಗಳ. ಅದಕ್ಕೇ ಶುರುವಿನಿಂದ ನೋಡೋಣ.

ಬಾಗಿಲು ಯಾರಿಗೆ ತೆರೆದಿತ್ತು

ಲೀಗ್ ಬರುವ ಮೊದಲು ಪೋರ್ಚುಗಲ್‌ನಲ್ಲಿ 'ಕಾಂಪಿಯೊನಾಟು ದ ಪೋರ್ಚುಗಲ್' ಅನ್ನುವ ನಾಕೌಟ್ ಟೂರ್ನಿ ಇತ್ತು. 1922ರಿಂದ 1938ರವರೆಗೆ ನಡೆಯಿತು. ಅಲ್ಲಿ ಗೆದ್ದವರ ಪಟ್ಟಿ ನೋಡಿದರೆ ಬೇರೆಯೇ ದೇಶ ಅನಿಸುತ್ತದೆ. 1924ರಲ್ಲಿ ದಕ್ಷಿಣದ ಮೀನು ಕ್ಯಾನಿಂಗ್ ಊರು ಒಲ್ಯಾಂವ್‌ನ ಒಲ್ಯಾನೆನ್ಸ್. 1926ರಲ್ಲಿ ಅಟ್ಲಾಂಟಿಕ್ ಸಮುದ್ರದ ಮಡೈರಾ ದ್ವೀಪದ ಮಾರಿಟಿಮು. 1928ರಲ್ಲಿ ಲಿಸ್ಬನ್ನಿನ ಕಾರ್ಕವೆಲಿನ್ಯುಸ್. ಬೆಲೆನೆನ್ಸೆಸ್ ಅಂತೂ ಮೂರು ಸಲ ಗೆದ್ದಿತು. ಹದಿನೇಳು ವರ್ಷಗಳಲ್ಲಿ ಏಳು ಬೇರೆ ಬೇರೆ ಕ್ಲಬ್ಬುಗಳು ಗೆದ್ದವು. ಲೀಗಿನಲ್ಲಿ 91 ಸೀಸನ್‌ಗೆ ಐದೇ ಅಂತ ಆಗಲೇ ಹೇಳಿದೆ.

ನಾಕೌಟ್ ಆಟದಲ್ಲಿ ಅದೃಷ್ಟ ಜಾಸ್ತಿ ಕೆಲಸ ಮಾಡುತ್ತದೆ, ನಿಜ. ಆದರೆ ಅದೊಂದೇ ಕಾರಣ ಅಲ್ಲ. ಲೀಗ್ ಶುರುವಾದಾಗ ಎಂಟು ತಂಡಗಳಿದ್ದವು. ಅವು ಬಂದಿದ್ದು ನಾಲ್ಕೇ ಜಿಲ್ಲೆಗಳಿಂದ: ಲಿಸ್ಬನ್, ಪೋರ್ಟೊ, ಸೆಟೂಬಲ್, ಕೊಯಿಂಬ್ರಾ. ಜಿಲ್ಲಾ ಚಾಂಪಿಯನ್‌ಷಿಪ್‌ನಲ್ಲಿ ಮೇಲೆ ಬಂದವರಿಗೆ ಲೀಗಿನಲ್ಲಿ ಜಾಗ. ಲಿಸ್ಬನ್ ಒಂದಕ್ಕೇ ಅರ್ಧದಷ್ಟು ಜಾಗ. ಹತ್ತು ವರ್ಷದ ಹಿಂದೆ ದೇಶದ ಚಾಂಪಿಯನ್ ಆಗಿದ್ದ ಒಲ್ಯಾನೆನ್ಸ್‌ಗೆ ಬಾಗಿಲೇ ಇರಲಿಲ್ಲ. ಮಾರಿಟಿಮು ಮೊದಲ ದರ್ಜೆಯಲ್ಲಿ ಕಾಲಿಟ್ಟಿದ್ದು 1977ರಲ್ಲಿ. ಚಾಂಪಿಯನ್ ಆದ ಮೇಲೆ ಅರ್ಧ ಶತಮಾನ ಕಾಯಬೇಕಾಯಿತು!

ಇನ್ನೊಂದು ಸಂಗತಿ ಇದೆ. ದೊಡ್ಡವರು ಮೂವರೂ ಎಂದೂ ಕೆಳಗಿಳಿದಿಲ್ಲ ಅಂತ ಹೆಮ್ಮೆಯಿಂದ ಹೇಳಲಾಗುತ್ತದೆ. ಆದರೆ 1939-40ರಲ್ಲಿ ಪೋರ್ಟೊ ಜಿಲ್ಲಾ ಚಾಂಪಿಯನ್‌ಷಿಪ್ ವಿವಾದದಲ್ಲಿ ಸಿಕ್ಕಿಕೊಂಡಿತು. ಎಫ್‌ಸಿ ಪೋರ್ಟೊ ಮೂರನೇ ಸ್ಥಾನದಲ್ಲಿತ್ತು, ಆ ಜಿಲ್ಲೆಗೆ ಇದ್ದಿದ್ದು ಎರಡೇ ಜಾಗ. ಪರಿಹಾರ ಏನು ಮಾಡಿದರು? ಲೀಗನ್ನೇ ಎಂಟರಿಂದ ಹತ್ತಕ್ಕೆ ಹಿಗ್ಗಿಸಿದರು. ಪೋರ್ಟೊ ಒಳಗೆ ಬಂತು, ಆ ವರ್ಷದ ಪ್ರಶಸ್ತಿಯನ್ನೂ ಗೆದ್ದಿತು. 1941-42ರಲ್ಲಿ ಮತ್ತೆ ಅದೇ ಕಥೆ. ಪೋರ್ಟೊ ಜಿಲ್ಲೆಯಲ್ಲಿ ಮತ್ತೆ ಮೂರನೆಯದು. ಈ ಸಲ ಲೀಗನ್ನು 12 ತಂಡಗಳಿಗೆ ಹಿಗ್ಗಿಸಲಾಯಿತು. ಪೋರ್ಟೊ ತಂಡದ ಶಕ್ತಿಯನ್ನು ನಾನು ಇಲ್ಲಿ ಸಣ್ಣದು ಮಾಡುತ್ತಿಲ್ಲ. ಬೇರೆ ಊರಿನ ಕ್ಲಬ್ಬು ಅದೇ ಜಾಗದಲ್ಲಿದ್ದಿದ್ದರೆ ಲೀಗ್ ಅದಕ್ಕಾಗಿ ಹಿಗ್ಗುತ್ತಿತ್ತಾ ಅನ್ನುವುದು ನನ್ನ ಪ್ರಶ್ನೆ. ಹಿಂದಿನ ಸೀಸನ್‌ನ ಸಾಧನೆ ನೋಡಿ ತಂಡಗಳನ್ನು ಮೇಲೆ ಕೆಳಗೆ ಮಾಡುವ ಪದ್ಧತಿ ಗಟ್ಟಿಯಾಗಿ ನಿಂತಿದ್ದು 1940ರ ದಶಕದ ನಡುವೆ, ಜಿಲ್ಲಾ ಅರ್ಹತೆಯ ನಿಯಮ ಹೋದ ಮೇಲೆ.

ಅಷ್ಟರಲ್ಲಿ ಅಂತರ ಬೆಳೆದಾಗಿತ್ತು. ಆಮೇಲಿನ ಕಥೆಯನ್ನು ಮೂರು ಅಲೆಗಳಾಗಿ ನೋಡಬಹುದು. ಮೊದಲನೆಯದು ಸ್ಪೋರ್ಟಿಂಗ್‌ನದು. 'ಐದು ಪಿಟೀಲುಗಳು' ಅಂತ ಹೆಸರಾದ ಅವರ ದಾಳಿ ಸಾಲು 1940ರ ದಶಕದಲ್ಲಿ ಗೋಲುಗಳ ಮಳೆ ಸುರಿಸಿತು. ಆ ಐವರಲ್ಲಿ ಒಬ್ಬರಾದ ಫರ್ನಾಂಡೊ ಪೆಯ್ರೊಟೆಯು ಲೀಗಿನಲ್ಲಿ ಪಂದ್ಯಕ್ಕೆ ಒಂದಕ್ಕಿಂತ ಜಾಸ್ತಿ ಗೋಲು ಹೊಡೆದವರು. ಹುಟ್ಟಿದ್ದು ಅಂಗೋಲಾದಲ್ಲಿ. 1950-51ರಿಂದ 1953-54ರವರೆಗೆ ಸ್ಪೋರ್ಟಿಂಗ್ ಸತತ ನಾಲ್ಕು ಸಲ ಗೆದ್ದಿತು.

ಎರಡನೆಯದು ಬೆನ್ಫಿಕಾದ ಅಲೆ. 1961ರ ಮೇ ತಿಂಗಳಲ್ಲಿ ಬರ್ನ್‌ನಲ್ಲಿ ಬಾರ್ಸಿಲೋನಾವನ್ನು 3-2ರಿಂದ ಸೋಲಿಸಿ ಯುರೋಪಿಯನ್ ಕಪ್ ಗೆದ್ದರು. ಮರುವರ್ಷ ಆಮ್‌ಸ್ಟರ್‌ಡ್ಯಾಂನಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ 5-3. ಕೋಚ್ ಹಂಗೇರಿಯ ಬೇಲಾ ಗುಟ್ಮನ್. ಬೆನ್ಫಿಕಾ 1978ರವರೆಗೂ ಪೋರ್ಚುಗಲ್‌ನ ಆಟಗಾರರನ್ನು ಮಾತ್ರ ಆಡಿಸುತ್ತಿತ್ತು. ಆದರೆ ಆ 'ಪೋರ್ಚುಗಲ್' ಒಳಗೆ ಆಫ್ರಿಕಾದ ವಸಾಹತುಗಳೂ ಬರುತ್ತಿದ್ದವು. ನಾಯಕ ಜೋಸೆ ಆಗ್ವಾಸ್ ಅಂಗೋಲಾದವರು. ಮಾರಿಯೊ ಕೊಲುನಾ ಮತ್ತು ಯುಸೇಬಿಯೊ ಮೊಜಾಂಬಿಕ್‌ನವರು. ಬರ್ನ್‌ನ ಆ ಫೈನಲ್ ನಡೆದ ದಿನ ನಮ್ಮ ಕಾರವಾರದ ಪಕ್ಕದ ಗೋವಾ ಕೂಡ ಅದೇ ಆಡಳಿತದ ಕೈಯಲ್ಲಿತ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ ಗೋವಾ ಭಾರತಕ್ಕೆ ಸೇರಿತು. ಲಿಸ್ಬನ್ನಿನ ದೊಡ್ಡ ಕ್ಲಬ್ಬುಗಳ ಆಗಿನ ಬಲದಲ್ಲಿ ವಸಾಹತುಗಳ ಪಾಲು ಎಷ್ಟು ದೊಡ್ಡದು ಅನ್ನುವುದನ್ನು ಮರೆಯಬಾರದು. ಊರ ಕಡೆಯ ಸಣ್ಣ ಕ್ಲಬ್ಬಿಗೆ ಮೊಜಾಂಬಿಕ್‌ಗೆ ಹೋಗಿ ಹುಡುಗನನ್ನು ಕರೆತರುವ ಶಕ್ತಿ ಎಲ್ಲಿಂದ ಬರಬೇಕು?

ಮೂರನೆಯದು ಪೋರ್ಟೊ ಅಲೆ. 1977-78ಕ್ಕೆ ಮೊದಲು ಅವರ ಹತ್ತಿರ ಇದ್ದಿದ್ದು ಐದೇ ಲೀಗ್ ಪ್ರಶಸ್ತಿ, ಅದೂ ಕೊನೆಯದು 1958-59ರದ್ದು. ಕೋಚ್ ಜೋಸೆ ಮಾರಿಯಾ ಪೆದ್ರೊಟೊ 19 ವರ್ಷದ ಬರ ನೀಗಿಸಿದರು. 1982ರಲ್ಲಿ ಜಾರ್ಜ್ ನುನೊ ಪಿಂಟೊ ದ ಕೋಸ್ಟಾ ಅಧ್ಯಕ್ಷರಾದರು, 42 ವರ್ಷ ಆ ಕುರ್ಚಿಯಲ್ಲಿದ್ದರು. ಆ ಕಾಲದಲ್ಲಿ 1987 ಮತ್ತು 2004ರಲ್ಲಿ ಯುರೋಪಿನ ಅತಿ ದೊಡ್ಡ ಕಪ್ ಬಂತು. 1994-95ರಿಂದ ಸತತ ಐದು ಲೀಗ್ ಬಂದವು. ರಾಜಧಾನಿಯ ವಿರುದ್ಧ ಉತ್ತರದ ಊರು ಅನ್ನುವ ಹಟವೇ ಆ ಕ್ಲಬ್ಬಿನ ಇಂಧನವಾಯಿತು. ಪೋರ್ಟೊ ಎದ್ದು ನಿಂತಿದ್ದರಿಂದ ಲಿಸ್ಬನ್ನಿನ ಹಿಡಿತ ಸಡಿಲವಾಯಿತು. ಆದರೆ ಹಿಡಿತ ಎರಡರಿಂದ ಮೂರು ಕೈಗೆ ಹೋಯಿತು, ಅಷ್ಟೇ.

ಈ ನಡುವೆ ಭೂಪಟ ಖಾಲಿಯಾಗುತ್ತಾ ಬಂತು. ಹಿಂದೆ ಮೊದಲ ದರ್ಜೆಯಲ್ಲಿ ಉಣ್ಣೆ ಗಿರಣಿಗಳ ಊರು ಕೊವಿಲ್ಯಾಂವ್ ಇತ್ತು. ಬರೆಯ್ರು ಊರಿನ ಕಾರ್ಖಾನೆ ತಂಡ ಸಿಯುಎಫ್ ಇತ್ತು, ಅದು 1964-65ರಲ್ಲಿ ಮೂರನೇ ಸ್ಥಾನಕ್ಕೂ ಬಂದಿತ್ತು. ಅಲೆಂಟೆಜು ಬಯಲಿನ ಎವೊರಾದಿಂದ ಲುಸಿಟಾನು ಇತ್ತು. ಕೊಯಿಂಬ್ರಾ ವಿಶ್ವವಿದ್ಯಾಲಯದ ಹುಡುಗರ ಅಕಾಡೆಮಿಕಾ 1966-67ರಲ್ಲಿ ಎರಡನೆಯದಾಗಿತ್ತು. ಅಲೆಂಟೆಜುವಿನಿಂದ ಮೊದಲ ದರ್ಜೆಯಲ್ಲಿ ಆಡಿದ ಕೊನೆಯ ತಂಡ ಕಾಂಪೊಮಯೊರೆನ್ಸ್, ಅದು 2001ರಲ್ಲಿ ಕೆಳಗಿಳಿಯಿತು. 2025-26ರ 18 ತಂಡಗಳ ಪಟ್ಟಿ ತೆಗೆದು ನೋಡಿ: ಹೆಚ್ಚಿನವು ಲಿಸ್ಬನ್ ಸುತ್ತ ಇಲ್ಲವೇ ಪೋರ್ಟೊ, ಬ್ರಾಗಾ ಇರುವ ಉತ್ತರದ ಮೂಲೆಯಲ್ಲಿ. ದ್ವೀಪಗಳನ್ನು ಬಿಟ್ಟರೆ, ಲಿಸ್ಬನ್ ಪಕ್ಕ ಹರಿಯುವ ಟೇಗಸ್ ನದಿಯ ದಕ್ಷಿಣಕ್ಕೆ ಒಂದೂ ತಂಡ ಇಲ್ಲ. ದೇಶದ ಅರ್ಧದಷ್ಟು ನೆಲಕ್ಕೆ ತನ್ನದು ಅನ್ನುವ ತಂಡವೇ ಇಲ್ಲ ಅಲ್ವಾ?

ಬಿದ್ದವರು ಹೇಗೆ ಬಿದ್ದರು

ಬೋವಿಸ್ಟಾದ ಕಥೆ ಪೋರ್ಟೊ ನಗರದ್ದೇ. ಕಪ್ಪು-ಬಿಳಿ ಚೌಕಳಿ ಅಂಗಿಯ ಈ ತಂಡ 2000-01ರಲ್ಲಿ ಜೈಮೆ ಪಷೆಕೊ ಕೋಚಿಂಗ್‌ನಲ್ಲಿ 77 ಪಾಯಿಂಟ್ ಗಳಿಸಿ ಗೆದ್ದಿತು. ಪಕ್ಕದ ಬೀದಿಯ ಎಫ್‌ಸಿ ಪೋರ್ಟೊಗೆ 76. ಎರಡು ವರ್ಷ ಬಿಟ್ಟು ಯುರೋಪಿನ ಎರಡನೇ ದೊಡ್ಡ ಟೂರ್ನಿ ಯುಇಎಫ್‌ಎ ಕಪ್‌ನ ಸೆಮಿಫೈನಲ್‌ವರೆಗೂ ಹೋದರು. ಅದೇ ಹೊತ್ತಿಗೆ 2004ರ ಯುರೋ ಟೂರ್ನಿಗಾಗಿ ಬೆಸ್ಸಾ ಸ್ಟೇಡಿಯಂ ಹೊಸದಾಗಿ ಕಟ್ಟುವ ಖರ್ಚು ಮೈಮೇಲೆ ಬಂತು. ಆ ಟೂರ್ನಿಗೆ ಪೋರ್ಚುಗಲ್ ಹತ್ತು ಸ್ಟೇಡಿಯಂ ಸಿದ್ಧ ಮಾಡಿತ್ತು. ಲೆಯಿರಿಯಾ, ಅವೆಯಿರು, ಅಲ್ಗಾರ್ವ್‌ನಲ್ಲಿ ಕಟ್ಟಿದವು ಆಮೇಲೆ ತುಂಬಲೇ ಇಲ್ಲ. ಒಂದು ತಿಂಗಳ ಹಬ್ಬಕ್ಕೆ ಮಾಡಿದ ಸಾಲವನ್ನು ಊರುಗಳೂ ಕ್ಲಬ್ಬುಗಳೂ ವರ್ಷಗಟ್ಟಲೆ ಹೊತ್ತವು.

2008ರಲ್ಲಿ 'ಅಪಿಟು ದೊರಾಡು', ಅಂದರೆ 'ಚಿನ್ನದ ಸೀಟಿ' ಹಗರಣದ ತೀರ್ಪು ಬಂತು. ರೆಫರಿಗಳ ಮೇಲೆ ಒತ್ತಡ ಹಾಕಿದ ಆರೋಪದ ಮೇಲೆ ಬೋವಿಸ್ಟಾವನ್ನು ಎರಡನೇ ದರ್ಜೆಗೆ ಇಳಿಸಿದರು. ಎಫ್‌ಸಿ ಪೋರ್ಟೊಗೆ ಆರು ಪಾಯಿಂಟ್ ಕಡಿತ ಮಾಡಿದರು. ಪೋರ್ಟೊ ಅಷ್ಟೊಂದು ಮುಂದಿತ್ತು ಅಂದರೆ ಆರು ಕಳೆದ ಮೇಲೂ ಚಾಂಪಿಯನ್. ಬೋವಿಸ್ಟಾಗೆ ಅಂಥ ಕೊಬ್ಬು ಇರಲಿಲ್ಲ, ಮೂರನೇ ದರ್ಜೆಯವರೆಗೂ ಜಾರಿತು. ಕೊನೆಗೆ ಆ ಶಿಕ್ಷೆ ಕಾನೂನಿನ ಮುಂದೆ ನಿಲ್ಲಲಿಲ್ಲ. 2014-15ರಲ್ಲಿ ಬೋವಿಸ್ಟಾವನ್ನು ವಾಪಸ್ ಸೇರಿಸಿಕೊಳ್ಳಲು ಲೀಗನ್ನು 16ರಿಂದ 18 ತಂಡಕ್ಕೆ ಹಿಗ್ಗಿಸಿದರು. ಆದರೆ ಕಳೆದ ಆರು ವರ್ಷದ ಟಿವಿ ಹಣ, ಟಿಕೆಟ್ ಹಣ, ಆಟಗಾರರನ್ನು ಯಾರು ವಾಪಸ್ ಕೊಡುತ್ತಾರೆ? 2025ರ ಕುಸಿತದ ಬೇರು ಅಲ್ಲೂ ಇದೆ.

ಬೆಲೆನೆನ್ಸೆಸ್ ಬಿದ್ದಿದ್ದು ಬೇರೆ ದಾರಿಯಲ್ಲಿ. 1990ರ ದಶಕದಲ್ಲಿ ಪೋರ್ಚುಗಲ್ 'ಸ್ಯಾಡ್' ಅನ್ನುವ ಕ್ರೀಡಾ ಕಂಪನಿಯ ಮಾದರಿ ತಂದಿತು. ಸದಸ್ಯರ ಕ್ಲಬ್ಬು ಒಂದು ಕಡೆ, ವೃತ್ತಿಪರ ತಂಡ ನಡೆಸುವ ಷೇರು ಕಂಪನಿ ಇನ್ನೊಂದು ಕಡೆ. 2013ರಿಂದ ವೃತ್ತಿಪರ ಲೀಗಿನಲ್ಲಿ ಆಡಬೇಕಾದರೆ ಕಂಪನಿ ಮಾಡಲೇಬೇಕು ಅಂತಾಯಿತು. ಸಾಲದಲ್ಲಿದ್ದ ಬೆಲೆನೆನ್ಸೆಸ್ 2012ರಲ್ಲೇ ತನ್ನ ಕಂಪನಿಯ ದೊಡ್ಡ ಪಾಲನ್ನು ಹೊರಗಿನ ಹೂಡಿಕೆದಾರರಿಗೆ ಮಾರಿತ್ತು. ಇಬ್ಬರಿಗೂ ಜಗಳ ಹತ್ತಿತು. 2018ರಲ್ಲಿ ಕಂಪನಿಯ ತಂಡ ರೆಸ್ಟೆಲು ಮೈದಾನ ಬಿಟ್ಟು ಹೋಯಿತು. ಮೊದಲ ದರ್ಜೆಯ ಜಾಗವನ್ನೂ ಜೊತೆಗೆ ತೆಗೆದುಕೊಂಡು ಹೋಯಿತು. ಹೆಸರು, ಲಾಂಛನ, ನೆನಪು ಎಲ್ಲ ಕ್ಲಬ್ಬಿನ ಹತ್ತಿರ ಉಳಿದವು. ಅಭಿಮಾನಿಗಳು ಯಾರ ಜೊತೆ ಹೋದರು? ಜಿಲ್ಲಾ ದರ್ಜೆಯಲ್ಲಿ ಆಡುವ ಹವ್ಯಾಸಿ ತಂಡದ ಜೊತೆ. ಕಂಪನಿಯ ತಂಡ ಖಾಲಿ ಗ್ಯಾಲರಿಗಳ ಮುಂದೆ ಆಡಿತು.

2021ರ ನವೆಂಬರ್ 27ರಂದು ಆ ಕಂಪನಿ ತಂಡಕ್ಕೆ ಕೋವಿಡ್ ಬಡಿದಿತ್ತು. ಬೆನ್ಫಿಕಾ ವಿರುದ್ಧ ಒಂಬತ್ತೇ ಜನ ಮೈದಾನಕ್ಕೆ ಇಳಿದರು. ಅರ್ಧ ಸಮಯಕ್ಕೆ 0-7. ಎರಡನೇ ಅರ್ಧಕ್ಕೆ ಏಳು ಜನ ಬಂದರು, ಒಬ್ಬರು ಕುಸಿದು ಕೂತ ಮೇಲೆ ರೆಫರಿ ಪಂದ್ಯ ನಿಲ್ಲಿಸಿದರು. ಆ ಸೀಸನ್ ಕೊನೆಗೆ ಅದು ಕೆಳಗಿಳಿಯಿತು. ಇತ್ತ ಅಸಲಿ ಬೆಲೆನೆನ್ಸೆಸ್ ಒಂದೊಂದೇ ಮೆಟ್ಟಿಲು ಹತ್ತಿ 2023ರಲ್ಲಿ ಎರಡನೇ ದರ್ಜೆಗೆ ಬಂತು. ಒಂದೇ ವರ್ಷದಲ್ಲಿ ಮತ್ತೆ ಇಳಿಯಿತು. ಆದರೂ ಈ ಹತ್ತಿದ ಕಥೆ ನನಗೆ ಪೋರ್ಚುಗಲ್ ಫುಟ್‌ಬಾಲ್‌ನ ತುಂಬ ಸುಂದರ ಕಥೆಗಳಲ್ಲಿ ಒಂದು.

ಇವೆರಡೇ ಅಲ್ಲ. 2020ರಲ್ಲಿ ವಿಟೋರಿಯಾ ಸೆಟೂಬಲ್ ಮತ್ತು ಅವೆಸ್ ಲೈಸೆನ್ಸ್ ಸಿಗದೆ ಮೂರನೇ ದರ್ಜೆಗೆ ಇಳಿಯಬೇಕಾಯಿತು. ಸೆಟೂಬಲ್ 1934ರ ಆ ಮೊದಲ ಎಂಟರಲ್ಲಿ ಒಂದು. ಅವೆಸ್ ಅದಕ್ಕೆ ಎರಡೇ ವರ್ಷ ಮೊದಲು ಸ್ಪೋರ್ಟಿಂಗನ್ನು ಸೋಲಿಸಿ ಪೋರ್ಚುಗೀಸ್ ಕಪ್ ಗೆದ್ದಿತ್ತು. ಇಷ್ಟು ಕ್ಲಬ್ಬುಗಳು ಒಂದಾದ ಮೇಲೊಂದು ಬಿದ್ದಾಗ ಪ್ರತಿಯೊಂದನ್ನೂ 'ಆಡಳಿತ ಸರಿಯಿಲ್ಲ' ಅಂತ ಬದಿಗಿಟ್ಟುಬಿಡುವುದು ಸರಿಯಲ್ಲ. ಕೆಟ್ಟ ಆಡಳಿತ ಎಲ್ಲ ದೇಶದಲ್ಲೂ ಇದೆ. ಒಂದು ತಪ್ಪು ಮಾಡಿದರೆ ಕ್ಲಬ್ಬೇ ಮುಳುಗುವಷ್ಟು ಕಡಿಮೆ ಆದಾಯ ಎಲ್ಲ ದೇಶದಲ್ಲೂ ಇಲ್ಲ.

ಹಣದ ಲೆಕ್ಕ

2015ರ ಡಿಸೆಂಬರ್‌ನಲ್ಲಿ ಬೆನ್ಫಿಕಾ ನೋಸ್ ಅನ್ನುವ ಟೆಲಿಕಾಂ ಕಂಪನಿಗೆ ಹತ್ತು ವರ್ಷದವರೆಗಿನ ಹಕ್ಕನ್ನು 40 ಕೋಟಿ ಯೂರೋಗೆ ಮಾರಿತು. ಅದೇ ತಿಂಗಳು ಪೋರ್ಟೊ ಇನ್ನೊಂದು ಟೆಲಿಕಾಂ ಗುಂಪು ಆಲ್ಟಿಸ್ ಜೊತೆ 45.75 ಕೋಟಿ ಯೂರೋ ಒಪ್ಪಂದ ಮಾಡಿತು. ಸ್ಪೋರ್ಟಿಂಗ್ ಕೂಡ ನೋಸ್ ಜೊತೆ ಇದೇ ಮಟ್ಟದ ಒಪ್ಪಂದಕ್ಕೆ ಸಹಿ ಹಾಕಿತು. ಅಂದರೆ ಮೂವರಿಗೂ ವರ್ಷಕ್ಕೆ 4 ಕೋಟಿ ಯೂರೋ ಆಸುಪಾಸು. ಸಣ್ಣ ಕ್ಲಬ್ಬಿಗೆ ಇದರ ಹತ್ತನೇ ಒಂದು ಭಾಗ ಸಿಕ್ಕರೆ ಅದೇ ದೊಡ್ಡದು. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಅತಿ ಜಾಸ್ತಿ ಪಡೆಯುವವರಿಗೂ ಅತಿ ಕಡಿಮೆ ಪಡೆಯುವವರಿಗೂ ಎರಡು ಪಟ್ಟಿನಷ್ಟು ಕೂಡ ಅಂತರ ಇಲ್ಲ. ಸ್ಪೇನ್ ಕೂಡ ಮೊದಲು ಪೋರ್ಚುಗಲ್ ಥರವೇ ಇತ್ತು. 2015ರಲ್ಲಿ ಸರ್ಕಾರ ಕಾನೂನು ತಂದು ಒಟ್ಟಿಗೆ ಮಾರುವಂತೆ ಮಾಡಿತು. ಯುರೋಪಿನ ದೊಡ್ಡ ಲೀಗುಗಳಲ್ಲಿ ಬಿಡಿಬಿಡಿಯಾಗಿ ಮಾರುತ್ತಾ ಉಳಿದಿದ್ದು ಪೋರ್ಚುಗಲ್ ಒಂದೇ.

ದೊಡ್ಡವರ ವಾದವನ್ನೂ ಕೇಳಬೇಕು. ಅದರಲ್ಲಿ ಹುರುಳಿದೆ. ಪೋರ್ಚುಗಲ್‌ನ ಜನಸಂಖ್ಯೆ ಸುಮಾರು 1 ಕೋಟಿ. ಅದರಲ್ಲಿ ಬಹುಪಾಲು ಫುಟ್‌ಬಾಲ್ ಪ್ರೇಮಿಗಳು ಈ ಮೂರರಲ್ಲಿ ಒಂದರ ಅಭಿಮಾನಿಗಳು. ಊರಿನ ಕ್ಲಬ್ಬು ಅವರಿಗೆ ಎರಡನೇ ಪ್ರೀತಿ. ವಿಟೋರಿಯಾ ಗಿಮರಾಯಿಸ್‌ನಂಥ ಕೆಲವೇ ಕಡೆ ಊರಿನ ಜನ ಊರಿನ ತಂಡಕ್ಕೇ ಮೊದಲು ಕೂಗುತ್ತಾರೆ. ಹಾಗಾದರೆ ಟಿವಿಯವರು ಹಣ ಕೊಡುವುದು ನಮ್ಮನ್ನು ನೋಡಿ, ನಮ್ಮ ಪಾಲನ್ನು ಯಾಕೆ ಬಿಟ್ಟುಕೊಡಬೇಕು ಅಂತ ದೊಡ್ಡವರು ಕೇಳುತ್ತಾರೆ. ಬೆನ್ಫಿಕಾ 2013ರಿಂದ ತನ್ನ ಮನೆಯಂಗಳದ ಪಂದ್ಯಗಳನ್ನು ಸ್ವಂತ ಚಾನೆಲ್ಲಿನಲ್ಲೇ ತೋರಿಸಿ ದುಡ್ಡು ಮಾಡಿತ್ತು. ಹಾಗಾಗಿ ಈ ಹೊಸ ವ್ಯವಸ್ಥೆಗೆ ಅತಿ ಜೋರಾದ ಆಕ್ಷೇಪ ಅಲ್ಲಿಂದಲೇ ಬಂದಿರುವುದು ಸಹಜ.

ಇನ್ನೊಂದು ಆತಂಕ ಕೊಳ್ಳುವವರದ್ದು. ಪೋರ್ಚುಗಲ್‌ನಲ್ಲಿ ಹಕ್ಕು ಕೊಳ್ಳಬಲ್ಲ ಟೆಲಿಕಾಂ ಕಂಪನಿಗಳು ಬೆರಳೆಣಿಕೆಯಷ್ಟು. ಮುಖ್ಯ ಕ್ರೀಡಾ ಚಾನೆಲ್ ಸ್ಪೋರ್ಟ್ ಟಿವಿಯಲ್ಲಿ ಅವೇ ಕಂಪನಿಗಳು ಪಾಲುದಾರರು. ಪೈಪೋಟಿ ಇಲ್ಲದ ಕಡೆ ಬೆಲೆ ಏರುವುದಿಲ್ಲ. ಫ್ರಾನ್ಸ್‌ನ ಉದಾಹರಣೆ ಎದುರಿಗಿದೆ. ಅಲ್ಲಿ ಮೀಡಿಯಾಪ್ರೊ ಕಂಪನಿ ವರ್ಷಕ್ಕೆ 80 ಕೋಟಿ ಯೂರೋ ಆಸುಪಾಸು ಕೊಡುತ್ತೇನೆ ಅಂತ ಬಂದು 2020ರಲ್ಲಿ ಕಂತು ಕಟ್ಟಲಾರದೆ ಕೈಯೆತ್ತಿತು. ಆ ಹಣ ನಂಬಿ ಖರ್ಚು ಮಾಡಿದ್ದ ಕ್ಲಬ್ಬುಗಳು ಬೀದಿಗೆ ಬಂದ ಹಾಗಾಯಿತು. ಒಟ್ಟಿಗೆ ಮಾರಿದ ಮಾತ್ರಕ್ಕೆ ಚೀಲ ತುಂಬುತ್ತದೆ ಅಂತ ಯಾರೂ ಮಾತು ಕೊಡಲಾಗದು.

ಇಷ್ಟಾದರೂ ನಾನು ಒಟ್ಟಿಗೆ ಮಾರುವುದರ ಪರ. ಸಣ್ಣವರ ಮೇಲಿನ ಕನಿಕರ ಒಂದೇ ಕಾರಣ ಅಲ್ಲ. ದೊಡ್ಡ ಮೂವರ ಸ್ವಂತ ಲಾಭವೂ ಅದರಲ್ಲೇ ಇದೆ. ಅದಕ್ಕೆ ಯುರೋಪಿನ ರ‍್ಯಾಂಕಿಂಗ್ ಲೆಕ್ಕ ಅರ್ಥ ಮಾಡಿಕೊಳ್ಳಬೇಕು.

ಯಾವ ದೇಶದ ಎಷ್ಟು ತಂಡ ಯುರೋಪಿನ ಅತಿ ದೊಡ್ಡ ಕ್ಲಬ್ ಟೂರ್ನಿ ಚಾಂಪಿಯನ್ಸ್ ಲೀಗಿಗೆ ಹೋಗಬೇಕು ಅನ್ನುವುದು ಐದು ವರ್ಷದ ಅಂಕಗಳ ಮೇಲೆ ನಿಲ್ಲುತ್ತದೆ. ಒಂದು ದೇಶದ ಎಲ್ಲ ತಂಡಗಳು ಯುರೋಪಿನಲ್ಲಿ ಗಳಿಸಿದ ಅಂಕ ಕೂಡಿಸುತ್ತಾರೆ. ಆಮೇಲೆ ಆ ವರ್ಷ ಕಣಕ್ಕಿಳಿದ ಆ ದೇಶದ ತಂಡಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಭಾಗಿಸುವುದರಲ್ಲೇ ಎಲ್ಲ ಇರುವುದು. ಬೆನ್ಫಿಕಾ ಕ್ವಾರ್ಟರ್ ಫೈನಲ್‌ಗೆ ಹೋದರೂ, ಐದನೇ ಸ್ಥಾನದ ತಂಡ ಜುಲೈ-ಆಗಸ್ಟ್‌ನ ಅರ್ಹತಾ ಸುತ್ತಿನಲ್ಲೇ ಸೋತು ಮನೆಗೆ ಬಂದರೆ ಸರಾಸರಿ ಕೆಳಗಿಳಿಯುತ್ತದೆ. 2023ರಲ್ಲಿ ವಿಟೋರಿಯಾ ಗಿಮರಾಯಿಸ್ ಸ್ಲೊವೇನಿಯಾದ ಸೆಲ್ಯೆ ಎದುರು ಸೋತಿತು. ಅದೇ ಬೇಸಿಗೆಯಲ್ಲಿ ಅರೋಕಾ ನಾರ್ವೆಯ ಬ್ರಾನ್ ಎದುರು ಸೋತಿತು. ಇಬ್ಬರೂ ಸೀಸನ್ ಸರಿಯಾಗಿ ಶುರುವಾಗುವ ಮೊದಲೇ ಹೊರಗೆ.

ಪರಿಣಾಮ ಯಾರಿಗೆ ತಟ್ಟಿತು?  ನೆದರ್‌ಲ್ಯಾಂಡ್ಸ್ ರ‍್ಯಾಂಕಿಂಗ್‌ನಲ್ಲಿ ಪೋರ್ಚುಗಲ್ಲನ್ನು ಹಿಂದೆ ಹಾಕಿತ್ತು. 2025-26ಕ್ಕೆ ಚಾಂಪಿಯನ್ ಸ್ಪೋರ್ಟಿಂಗ್‌ಗೆ ಮಾತ್ರ ನೇರ ಪ್ರವೇಶ ಸಿಕ್ಕಿತು. ಎರಡನೇ ಸ್ಥಾನದ ಬೆನ್ಫಿಕಾ ಆಗಸ್ಟ್‌ನಲ್ಲಿ ನೀಸ್ ತಂಡವನ್ನೂ, ಆಮೇಲೆ ಫೆನೆರ್‌ಬಾಚೆಯನ್ನೂ ದಾಟಿ ಬರಬೇಕಾಯಿತು. ದಾಟಿತು, ಒಳ್ಳೆಯದಾಯಿತು. ಒಂದು ಕೆಟ್ಟ ರಾತ್ರಿ ಬಂದಿದ್ದರೆ ಕೋಟಿಗಟ್ಟಲೆ ಯೂರೋ ಕೈತಪ್ಪುತ್ತಿತ್ತು. ಟಿವಿ ಹಣ ಹಂಚಿಕೊಂಡರೆ ಕಳೆದುಕೊಳ್ಳುವ ಮೊತ್ತಕ್ಕಿಂತ ಅದು ದೊಡ್ಡದು. ಮೇಲಕ್ಕೆ ಹೋದ ನೆದರ್‌ಲ್ಯಾಂಡ್ಸ್ ನೋಡಿ. ಅಲ್ಲಿ ಲೀಗಿನ ಹಕ್ಕನ್ನು ಒಟ್ಟಿಗೆ ಮಾರುತ್ತಾರೆ. ಅಷ್ಟೇ ಅಲ್ಲ, ಯುರೋಪಿನಲ್ಲಿ ಆಡುವ ಕ್ಲಬ್ಬುಗಳು ತಮ್ಮ ಅಲ್ಲಿನ ಗಳಿಕೆಯ ಸಣ್ಣ ಪಾಲನ್ನು ಉಳಿದವರಿಗೆ ಕೊಡಲು 2018ರಲ್ಲೇ ಒಪ್ಪಿಕೊಂಡವು.

ಎರಡನೇ ಸಾಲಿನ ತಂಡ ಗಟ್ಟಿಯಾದರೆ ಏನಾಗುತ್ತದೆ ಅಂತ 2024-25ರಲ್ಲಿ ವಿಟೋರಿಯಾ ಗಿಮರಾಯಿಸ್ ತೋರಿಸಿತು. ಯುರೋಪಿನ ಮೂರನೇ ಮಟ್ಟದ ಟೂರ್ನಿ ಕಾನ್ಫರೆನ್ಸ್ ಲೀಗಿನ ಲೀಗ್ ಹಂತದಲ್ಲಿ ಒಂದೂ ಪಂದ್ಯ ಸೋಲದೆ ಎರಡನೇ ಸ್ಥಾನ ಪಡೆಯಿತು. ಒಂದೇ ವರ್ಷ ಮೊದಲು ಸೆಲ್ಯೆಗೆ ಸೋತ ಅದೇ ಕ್ಲಬ್ಬು! ಆದರೆ ಇಂಥ ತಂಡವನ್ನು ಎರಡು ವರ್ಷ ಹಿಡಿದಿಟ್ಟುಕೊಳ್ಳುವ ದುಡ್ಡು ಅವರ ಹತ್ತಿರ ಇರುವುದಿಲ್ಲ. ಒಳ್ಳೆಯ ಆಟಗಾರ ಕಂಡ ಕೂಡಲೇ ಮಾರಾಟ.

ಮಾರಾಟ ಅನ್ನುವುದು ದೊಡ್ಡವರಿಗೂ ಬದುಕಿನ ದಾರಿಯೇ. 2019ರಲ್ಲಿ ಬೆನ್ಫಿಕಾ ಜುವಾಂವ್ ಫೆಲಿಕ್ಸ್‌ರನ್ನು 12.6 ಕೋಟಿ ಯೂರೋಗೆ ಅಟ್ಲೆಟಿಕೊ ಮ್ಯಾಡ್ರಿಡ್‌ಗೆ ಕೊಟ್ಟಿತು. 2023ರ ಜನವರಿಯಲ್ಲಿ ಎಂಜೊ ಫರ್ನಾಂಡಿಸ್ 12 ಕೋಟಿ ದಾಟಿದ ಬೆಲೆಗೆ ಚೆಲ್ಸಿಗೆ ಹೋದರು. ಲಿಸ್ಬನ್‌ಗೆ ಬಂದು ಆಗ ಒಂದು ವರ್ಷ ಕೂಡ ತುಂಬಿರಲಿಲ್ಲ. ವಿಕ್ಟರ್ ಯೋಕೆರೆಸ್ 2024-25ರಲ್ಲಿ ಸ್ಪೋರ್ಟಿಂಗ್‌ಗೆ ಲೀಗಿನಲ್ಲೇ 39 ಗೋಲು ಹೊಡೆದು ಆರ್ಸೆನಲ್ ಸೇರಿದರು. ಸ್ಪೋರ್ಟಿಂಗ್ 70 ವರ್ಷಗಳಲ್ಲಿ ಮೊದಲ ಸಲ ಸತತ ಎರಡು ಲೀಗ್ ಗೆದ್ದಿದ್ದರಲ್ಲಿ ಅವರ ಪಾಲು ದೊಡ್ಡದು. ಕೋಚ್ ರುಬೆನ್ ಅಮೊರಿಮ್ ಅಂತೂ ಸೀಸನ್ ನಡುವೆಯೇ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋಗಿದ್ದರು. ಈ ವ್ಯಾಪಾರ ಚಾಂಪಿಯನ್ಸ್ ಲೀಗಿನ ಅಂಗಡಿ ಗಾಜಿನ ಹಿಂದೆ ನಿಂತರೆ ಮಾತ್ರ ನಡೆಯುತ್ತದೆ. ಅಲ್ಲಿನ ಜಾಗ ಕಡಿಮೆಯಾದರೆ ಆಟಗಾರರ ಬೆಲೆಯೂ ಇಳಿಯುತ್ತದೆ.

ಖಾಲಿ ಜಾಗಕ್ಕೆ ಬಂದವರು

ಸಣ್ಣ ಕ್ಲಬ್ಬುಗಳಿಗೆ ದೇಶದೊಳಗೆ ಹಣ ಸಿಗದಿದ್ದಾಗ ಹೊರಗಿನವರು ಬಂದರು. ಪ್ಯಾರಿಸ್ ಸೇಂಟ್ ಜರ್ಮೇನ್ ಒಡೆಯರಾದ ಕತಾರ್ ಸ್ಪೋರ್ಟ್ಸ್ ಇನ್ವೆಸ್ಟ್‌ಮೆಂಟ್ಸ್ 2022ರಲ್ಲಿ ಬ್ರಾಗಾದ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಪಾಲು ಕೊಂಡಿತು. ಒಲಿಂಪಿಯಾಕೊಸ್ ಮತ್ತು ನಾಟಿಂಗ್‌ಹ್ಯಾಂ ಫಾರೆಸ್ಟ್ ಒಡೆಯ ಇವಾಂಜೆಲೊಸ್ ಮರಿನಾಕಿಸ್ ರಿಯೊ ಅವೆ ಕ್ಲಬ್ಬನ್ನು ಹಿಡಿದರು. ಆಸ್ಟನ್ ವಿಲ್ಲಾದ ಒಡೆಯರು ವಿಟೋರಿಯಾ ಗಿಮರಾಯಿಸ್‌ನಲ್ಲಿ ಪಾಲು ಪಡೆದರು. ಹೊರಗಿನ ಹಣವೆಲ್ಲ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಬ್ರಾಗಾ ಚೆನ್ನಾಗಿ ನಡೆಯುವ ಕ್ಲಬ್ಬು. ಆದರೆ ರಿಯೊ ಅವೆಯ ಹುಡುಗ ಚೆನ್ನಾಗಿ ಆಡಿದರೆ ಅವನು ಎಲ್ಲಿಗೆ ಹೋಗಬೇಕು ಅನ್ನುವ ನಿರ್ಧಾರ ಬೇರೆ ದೇಶದ ಕಚೇರಿಯಲ್ಲಿ ಆಗುವ ಅಪಾಯ ಇದೆ.

ಅದಕ್ಕಿಂತ ವಿಚಿತ್ರ ಅವೆಸ್ ಕಥೆ. ಹಳೆಯ ಕ್ಲಬ್ಬು ಕುಸಿದ ಮೇಲೆ 2023ರಲ್ಲಿ ಲಿಸ್ಬನ್ ಹತ್ತಿರದ ವಿಲಾಫ್ರಾಂಕೆನ್ಸ್ ತಂಡದ ಕಂಪನಿ ತನ್ನ ಎರಡನೇ ದರ್ಜೆಯ ಜಾಗವನ್ನು ಎತ್ತಿಕೊಂಡು ಉತ್ತರದ ವಿಲಾ ದಾಸ್ ಅವೆಸ್ ಊರಿಗೆ ಬಂದಿತು. ಹೆಸರು 'ಎವಿಎಸ್' ಅಂತಾಯಿತು. ಒಂದೇ ವರ್ಷದಲ್ಲಿ ಮೊದಲ ದರ್ಜೆಗೂ ಏರಿತು. ವಿಲಾಫ್ರಾಂಕಾದ ಜನರ ವೃತ್ತಿಪರ ತಂಡ ಒಂದು ಬೇಸಿಗೆಯಲ್ಲಿ ಮಾಯ. ಜಾಗವನ್ನು ಸರಕಿನ ಥರ ಊರಿನಿಂದ ಊರಿಗೆ ಸಾಗಿಸಬಹುದು ಅನ್ನುವುದನ್ನು ಲೀಗ್ ಒಪ್ಪಿಕೊಂಡಿದ್ದು ನನಗೆ ತಪ್ಪು ಅನಿಸುತ್ತದೆ.

ಹಾಗಾಗಿ ಟಿವಿ ಹಣ ಹಂಚಿದರೆ ಸಾಲದು. ಹಂಚಿದ ಹಣ ಎಲ್ಲಿಗೆ ಹೋಯಿತು ಅಂತ ಕೇಳುವ ಹಕ್ಕು ಲೀಗಿಗೆ ಇರಬೇಕು. ಅಕಾಡೆಮಿಗೆ, ಮೈದಾನಕ್ಕೆ, ಸಂಬಳದ ಬಾಕಿಗೆ ಹೋಗಬೇಕಾದ ದುಡ್ಡು ಷೇರುದಾರರ ಜೇಬಿಗೆ ಹೋಗಬಾರದು. ಲೈಸೆನ್ಸ್ ಪರೀಕ್ಷೆ ಸೀಸನ್ ಮುಗಿದ ಮೇಲೆ ಅಲ್ಲ, ನಡೆಯುತ್ತಿರುವಾಗಲೇ ಆಗಬೇಕು. ಸೆಟೂಬಲ್ ಆಗಲಿ ಬೋವಿಸ್ಟಾ ಆಗಲಿ ಒಂದೇ ದಿನದಲ್ಲಿ ಮುಳುಗಿದ್ದಲ್ಲ. ವರ್ಷಗಟ್ಟಲೆ ನೀರು ತುಂಬುತ್ತಿದ್ದದ್ದು ಎಲ್ಲರಿಗೂ ಕಾಣುತ್ತಿತ್ತು.

ಈಗ ಗಮನಿಸಬೇಕಾದ್ದು ಹಂಚಿಕೆಯ ಸೂತ್ರ. ಒಟ್ಟು ಮೊತ್ತದಲ್ಲಿ ಎಷ್ಟು ಭಾಗ 18 ತಂಡಗಳಿಗೂ ಸಮವಾಗಿ ಹೋಗುತ್ತದೆ, ಎಷ್ಟು ಸ್ಥಾನದ ಮೇಲೆ, ಎಷ್ಟು ವೀಕ್ಷಕರ ಸಂಖ್ಯೆಯ ಮೇಲೆ? ಸ್ಪೇನ್‌ನ ಕಾನೂನು ಮೊದಲ ದರ್ಜೆಗೆ ಬರುವ ಹಣದ ಅರ್ಧವನ್ನು ಸಮವಾಗಿ ಹಂಚು ಅನ್ನುತ್ತದೆ. ಪೋರ್ಚುಗಲ್‌ನಲ್ಲಿ ವೀಕ್ಷಕರ ಸಂಖ್ಯೆಗೆ ತುಂಬ ತೂಕ ಕೊಟ್ಟರೆ ಹಳೆಯ ಅಂತರವೇ ಹೊಸ ಹೆಸರಿನಲ್ಲಿ ಮುಂದುವರಿಯುತ್ತದೆ. ಮೊದಲ ಕೆಲವು ವರ್ಷ ದೊಡ್ಡವರಿಗೆ ಈಗಿನ ಮೊತ್ತ ಕಡಿಮೆಯಾಗದ ಹಾಗೆ ಭರವಸೆ ಕೊಡುವುದನ್ನು ನಾನು ಒಪ್ಪುತ್ತೇನೆ, ಸ್ಪೇನ್ ಕೂಡ ಹಾಗೇ ಮಾಡಿ ಒಪ್ಪಿಸಿತು. ಆದರೆ ಆ ಭರವಸೆಗೆ ಕೊನೆಯ ವರ್ಷ ಯಾವುದು ಅಂತ ಈಗಲೇ ಬರೆದಿಡಬೇಕು. ಎರಡನೇ ದರ್ಜೆಯ ಪಾಲೂ ಅಷ್ಟೇ ಮುಖ್ಯ. ಇವತ್ತು ಮಾರಿಟಿಮು, ಅಕಾಡೆಮಿಕಾ, ಬೆಲೆನೆನ್ಸೆಸ್‌ನಂಥ ಹಳೆಯ ಹೆಸರುಗಳು ಹತ್ತಿ ಬರಬೇಕಾಗಿರುವುದು ಆ ಮೆಟ್ಟಿಲಿನಿಂದಲೇ. 83 ವರ್ಷ ಹೊರಗಿದ್ದು 2022ರಲ್ಲಿ ಮೊದಲ ದರ್ಜೆಗೆ ವಾಪಸ್ ಬಂದ ಕಾಸಾ ಪಿಯಾ ಹತ್ತಿದ್ದೂ ಅಲ್ಲಿಂದಲೇ.